ಅವಳ ಅಳತೆಯ ಕಟ್ಟೆ

ನಮ್ಮ ಮನೆಯಲ್ಲಿ ಬಿಸಿ ಪಾತ್ರೆ ಇಳಿಸುವುದು ಒಂದು ಪ್ಲೈವುಡ್ ತುಂಡಿನ ಮೇಲೆ. ಅಂಗೈಗಿಂತ ತುಸು ದೊಡ್ಡದು, ಮುಕ್ಕಾಲು ಇಂಚು ದಪ್ಪ, ಒಂದು ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ಬರೆದ ಎರಡು ಎಂಬ ಅಂಕಿ. ನೋಡಿದವರು ‘ಚೆನ್ನಾಗಿದೆಯಲ್ಲ, ಎಲ್ಲಿ ಸಿಕ್ಕಿತು’ ಎಂದು ಕೇಳುವಂಥ ವಸ್ತುವೇನಲ್ಲ. ಆದರೆ ಇದನ್ನು ನನ್ನ ಹೆಂಡತಿ ಸುಲೋಚನಾ ಕುಕ್ಕರಿನಲ್ಲಿ ಹಾಕಿ ನಾಲ್ಕು ಸೀಟಿ ಹೊಡೆಸಿದ್ದಳು ಎಂದರೆ ನೀವೂ ಒಮ್ಮೆ ತಿರುಗಿ ನೋಡುತ್ತೀರಿ. ಸುಳ್ಳಲ್ಲ, ನಾನೇ ಸಾಕ್ಷಿ. ಅಂದು ಕಚೇರಿಯಿಂದ ಹಸಿದು ಬಂದವನು ಬಾಗಿಲಲ್ಲೇ ಮೂಗು ಮುಚ್ಚಿಕೊಂಡಿದ್ದೆ.

“ಏನ್ ಕುದಿಸಾಕತ್ತೀ ಇದು?”

“ಮನಿ ಕುದಿಸಾಕತ್ತೀನ್ರಿ,” ಎಂದಳು, ತಿರುಗಿ ಕೂಡ ನೋಡದೆ.

ಆಗಿದ್ದಿಷ್ಟು. ಲಿಂಗಂಪಲ್ಲಿ ಸ್ಟೇಷನ್ನಿನಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿಯಲ್ಲಿ ನಾವೊಂದು ಫ್ಲ್ಯಾಟ್ ಕಾಯ್ದಿರಿಸಿದ್ದೆವು. ಕಟ್ಟಡ ಇನ್ನೂ ಎರಡನೆಯ ಅಂತಸ್ತಿಗೆ ಏರಿರಲಿಲ್ಲ, ನಮ್ಮದು ಐದನೆಯ ಅಂತಸ್ತು. ಅಂದರೆ ನಮ್ಮ ಮನೆ ಆಗ ಬರೀ ಗಾಳಿ. ಆ ಗಾಳಿಗೆ ಕಪಾಟು ಮಾಡಿಸಲು ಸುಲೋಚನಾ ನನ್ನನ್ನು ನಾಚಾರಂ ಕಡೆಯ ಪ್ಲೈವುಡ್ ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿಯವನು ಮೂರು ತರಹದ ಹಾಳೆ ತೋರಿಸಿದ. ಒಂದು ಅಗ್ಗದ್ದು, ಒಂದು ಮಧ್ಯಮ, ಒಂದು ನೀರಿಗೆ ಜಗ್ಗದ ಮರೈನ್ ಪ್ಲೈ. ಮೂರೂ ನನ್ನ ಕಣ್ಣಿಗೆ ಒಂದೇ. ನಾನು ಗುಮಾಸ್ತ, ಕಾಗದ ನೋಡಿ ಹೇಳು ಎಂದರೆ ಹೇಳಿಯೇನು, ಹಲಗೆ ನೋಡಿ ಏನು ಹೇಳಲಿ? ಅವಳು ಮಾತ್ರ ಕಲ್ಲಂಗಡಿ ಬಡಿದು ನೋಡುವಂತೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿದಳು. ಅಂಗಡಿಯವನಿಗೆ ರೇಗಿತೇನೋ. “ಮರೈನ್ ಕೋ ಉಬಾಲ್ ಕೇ ದೇಖೋ ಅಮ್ಮಾ, ಕುಛ್ ನೈ ಹೋತಾ,” ಎಂದುಬಿಟ್ಟ. ಕುದಿಸಿದರೂ ಏನೂ ಆಗುವುದಿಲ್ಲ ಎನ್ನುವುದು ವ್ಯಾಪಾರದ ಮಾತು. ಯಾರಾದರೂ ನಿಜವಾಗಿ ಕುದಿಸುತ್ತಾರೆಯೇ? ಇವಳು ಮೂರರದ್ದೂ ತುಂಡು ಕೊಯ್ಸಿಕೊಂಡು, ಒಂದು ಎರಡು ಮೂರು ಎಂದು ಬರೆದುಕೊಂಡು, ಕೈಚೀಲದಲ್ಲಿ ಹಾಕಿಕೊಂಡು ಬಂದಳು.

ಒಂದನೆಯದು ಚಿರೋಟಿಯ ಹಾಗೆ ಪದರು ಪದರಾಗಿ ಬಿಚ್ಚಿಕೊಂಡಿತು. ಮೂರನೆಯದು ಉಬ್ಬಿ ಡೊಂಕಾಯಿತು, ಅದೇ ಎಲ್ಲಕ್ಕಿಂತ ತುಟ್ಟಿಯದಾಗಿತ್ತು ಎಂಬುದು ಬೇರೆ ಮಾತು. ಎರಡನೆಯದು ಮಾತ್ರ ಸ್ನಾನ ಮಾಡಿ ಬಂದ ಯಜಮಾನನಂತೆ ಶಾಂತವಾಗಿತ್ತು. “ಇದರಾಗ ಮಾಡಸೂದು,” ಎಂದು ತೀರ್ಪು ಕೊಟ್ಟಳು. ಆಮೇಲೆ ಒಂದು ತಿಂಗಳು ನಮ್ಮ ಅನ್ನಕ್ಕೆ ಅಂಟಿನ ವಾಸನೆ. ನಾನು ಗೊಣಗಿದ್ದೆ. ಗೊಣಗುವುದೊಂದನ್ನು ನಾನು ಯಾವತ್ತೂ ಬಾಕಿ ಉಳಿಸಿಕೊಂಡವನಲ್ಲ.

ಇಷ್ಟೆಲ್ಲ ಒದ್ದಾಟ ಯಾಕೆ ಎಂದು ಕೇಳಿದರೆ ಹೇಳಬೇಕಾದದ್ದು ಒಂದೇ. ಸುಲೋಚನಾ ಗಿಡ್ಡಿ. ನನ್ನ ಪಕ್ಕದಲ್ಲಿ ನಿಂತರೆ ನನ್ನ ಎದೆಯ ಮಟ್ಟಕ್ಕಿಂತ ಮೇಲೆ ಅಷ್ಟೇನೂ ಬರುತ್ತಿರಲಿಲ್ಲ. ನಾವು ಬಾಡಿಗೆಗೆ ಇದ್ದ ನಾಲ್ಕು ಮನೆಗಳಲ್ಲೂ ಅಡಿಗೆಕಟ್ಟೆ ಅವಳಿಗೆ ಎತ್ತರ. ಹೈದರಾಬಾದಿನ ಮನೆಮಾಲೀಕರೆಲ್ಲ ಎತ್ತರದ ಹೆಂಗಸರನ್ನೇ ಮದುವೆಯಾಗಿದ್ದರೋ, ಇಲ್ಲ ಹೆಂಗಸರನ್ನು ಕೇಳುವ ಗೋಜಿಗೇ ಹೋಗದೆ ಕಟ್ಟಿಸಿದ್ದರೋ, ಎರಡನೆಯದೇ ಇರಬೇಕು. ಅವಳು ಊಟದ ಮಣೆಯೊಂದನ್ನು ಒಲೆಯ ಮುಂದೆ ಹಾಕಿಕೊಂಡು ಅದರ ಮೇಲೆ ನಿಂತು ಅಡಿಗೆ ಮಾಡುತ್ತಿದ್ದಳು. ರೊಟ್ಟಿ ಬಡಿಯುವಾಗ ಮಣೆ ಅಲುಗಾಡಿ ಟಕ್ ಟಕ್ ಎನ್ನುತ್ತಿತ್ತು. ಎರಡು ಸಲ ಜಾರಿ ಬಿದ್ದಿದ್ದಳು. ಒಮ್ಮೆ ಬಿಸಿ ಹಂಚು ಮೊಣಕೈಗೆ ತಾಗಿ ಗುರುತಾಗಿತ್ತು. ಸಂಜೆಗೆ ಭುಜ ನೋವು ಎಂದು ಅಮೃತಾಂಜನ ಹಚ್ಚಿಕೊಳ್ಳುತ್ತಿದ್ದಳು.

“ಏನ್ರಿ, ಮಾಲಕರಿಗೆ ಹೇಳಿ ಕಟ್ಟಿ ಒಂದೀಟು ಇಳಿಸಾಕ ಆಗೂದಿಲ್ಲೇನು?”

“ಬಾಡಗಿ ಮನ್ಯಾಗ ಕಟ್ಟಿ ಒಡಸಂದ್ರ ಮಾಲಕ ನಮ್ಮನ್ನ ಓಡಸತಾನ. ಮುಂದಿನ ಮನ್ಯಾಗ ನೋಡೋಣು.”

ಹೀಗೆ ಮೂರು ಸಲ ಮುಂದಿನ ಮನೆ ಬಂತು. ಮೂರು ಸಲವೂ ನಾನು ನೋಡಿದ್ದು ಸ್ಟೇಷನ್ ಎಷ್ಟು ಹತ್ತಿರ, ನಲ್ಲಿಗೆ ನೀರು ಎಷ್ಟು ಹೊತ್ತು, ನನ್ನ ಸ್ಕೂಟರ್ ನಿಲ್ಲಿಸಲು ಜಾಗ ಎಲ್ಲಿ ಎಂದು. ಕಟ್ಟೆಯ ಎತ್ತರ ನೋಡಿದ್ದರೆ ಕೇಳಿ. ಮೂವತ್ತೊಂದು ವರ್ಷ ಅವಳು ಮಣೆಯ ಮೇಲೆ ನಿಂತು ನನಗೆ ಬೇಯಿಸಿ ಹಾಕಿದಳು. ಫ್ಲ್ಯಾಟ್ ಕಾಯ್ದಿರಿಸಿದ ದಿನ ಅವಳು ಕೇಳಿದ್ದು ಒಂದೇ. “ಬ್ಯಾರೆ ಏನೂ ಬ್ಯಾಡ್ರಿ ನನಗ. ಕಟ್ಟಿ ನನ್ನ ಅಳತಿಗೆ ಆಗಬೇಕು. ನೆಲದ ಮ್ಯಾಲೆ ನಿಂತು ಅಡಗಿ ಮಾಡಬೇಕು.” ಆಗಲಿ ಎಂದಿದ್ದೆ. ನನ್ನ ಜೀವಮಾನದಲ್ಲಿ ಅವಳಿಗೆ ಖಚಿತವಾಗಿ ಕೊಟ್ಟ ಮಾತು ಅದೊಂದೇ ಇರಬೇಕು.

ಮಾತು ಎಲ್ಲಿಗೋ ಹೋಗುತ್ತಿದೆ, ಆದರೂ ಹೇಳಿಬಿಡುತ್ತೇನೆ. ಮರಗೆಲಸದ ವಿಷಯದಲ್ಲಿ ನಮ್ಮ ವಂಶವೇ ಸ್ವಲ್ಪ ಹೀಗೆ. ನನ್ನ ಅಜ್ಜ ರಾಯಚೂರಿನಿಂದ ನಿಜಾಮರ ಕಾಲದಲ್ಲಿ ನೌಕರಿಗೆಂದು ಇಲ್ಲಿಗೆ ಬಂದವರು. ಬರುವಾಗ ತಂದದ್ದು ಒಂದು ಟ್ರಂಕು, ಬಿಟ್ಟುಹೋದದ್ದೂ ಅದನ್ನೇ. ನನ್ನಪ್ಪ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಕಚೇರಿಗೆ ಯಂತ್ರಗಳು ಬರುತ್ತಿದ್ದ ಕಟ್ಟಿಗೆಯ ಖೋಕಾ ಪೆಟ್ಟಿಗೆಗಳನ್ನು ಹರಾಜಿನಲ್ಲಿ ಹಿಡಿದು ನಮಗೆ ಪುಸ್ತಕದ ಕಪಾಟು ಮಾಡಿದರು. ಖೋಕಾದ ಮೇಲೆ ಕಪ್ಪು ಬಣ್ಣದಲ್ಲಿ ಒಂದು ದೊಡ್ಡ ಬಾಣ ಅಚ್ಚಾಗಿತ್ತು, ಈ ಕಡೆ ಮೇಲೆ ಇರಲಿ ಎಂದು. ಅಪ್ಪ ಅದನ್ನು ತಲೆಕೆಳಗಾಗಿ ಜೋಡಿಸಿದ್ದರು. ನಾನು ಎಸ್ಸೆಸ್ಸೆಲ್ಸಿವರೆಗೆ ನೆಲ ತೋರಿಸುವ ಆ ಬಾಣದ ಕೆಳಗೆ ಕೂತು ಓದಿದೆ, ಅಂಕಗಳೂ ಅದು ತೋರಿಸಿದ ಕಡೆಗೇ ಹೋದವು. ಅವ್ವನಿಗಂತೂ ಕಟ್ಟೆಯ ಸಮಸ್ಯೆಯೇ ಇರಲಿಲ್ಲ. ಅವಳು ನೆಲದ ಮೇಲೆ ಒಲೆ ಇಟ್ಟುಕೊಂಡು ಕೂತು ಅಡಿಗೆ ಮಾಡಿದವಳು. ನಿಂತು ಮಾಡುವ ಅಡಿಗೆ ಬಂದಾಗ ಜಗತ್ತು ಸುಧಾರಿಸಿತೆಂದು ಎಲ್ಲರೂ ಅಂದರು. ಗಿಡ್ಡ ಹೆಂಗಸರನ್ನು ಯಾರೂ ಕೇಳಲಿಲ್ಲ.

ಬಿಲ್ಡರ್ ಮೂರನೆಯ ಸಲ ಗಡುವು ಮುಂದೆ ಹಾಕಿದ ತಿಂಗಳಲ್ಲಿ ಸುಲೋಚನಾ ಹೋದಳು. ಹೊಟ್ಟೆನೋವು ಎಂದಳು, ಆಪರೇಷನ್ ಆಗಬೇಕು ಎಂದರು, ಆಪರೇಷನ್ ಆಯಿತು, ಅವಳಿಗೆ ಎಚ್ಚರವಾಯಿತು, ನನ್ನನ್ನು ನೋಡಿ “ಊಟಾ ಮಾಡಿದ್ರಿ?” ಎಂದಳು. ಮರುದಿನ ಜ್ವರ ಏರಿತು. ನಾಲ್ಕನೆಯ ದಿನ ಇಲ್ಲ. ನಾನು ಅಳಲಿಲ್ಲ. ಗಟ್ಟಿ ಮನುಷ್ಯ ಎಂದು ಬಂಧುಗಳು ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ, ಪುರಸತ್ತು ಇರಲಿಲ್ಲ. ಸಹಿ ಹಾಕಬೇಕಿತ್ತು, ಝೆರಾಕ್ಸ್ ಮಾಡಿಸಬೇಕಿತ್ತು, ಅವಳ ಆಧಾರ್ ಕಾರ್ಡ್ ಎಲ್ಲಿ ಎಂದು ಹುಡುಕಬೇಕಿತ್ತು. ಕಾಗದ ಕಂಡರೆ ನಾನು ಅದರೊಳಗೆ ಹೊಕ್ಕುಬಿಡುವ ಮನುಷ್ಯ. ಹೊರಗೆ ಬಂದು ನೋಡಿದಾಗ ಹದಿನೈದು ದಿನ ಕಳೆದಿದ್ದವು, ಬಂದವರೆಲ್ಲ ಹೋಗಿದ್ದರು, ಅಳುವ ಹೊತ್ತು ಮೀರಿಹೋಗಿತ್ತು.

ಎರಡು ವರ್ಷ ಬಿಟ್ಟು ಫ್ಲ್ಯಾಟಿನ ಕೀಲಿಕೈ ಬಂತು.

ಈಗ ನನ್ನ ಕಷ್ಟ ನಿಮಗೆ ಅರ್ಥವಾಗಿರಬೇಕು. ಯಾರಿಗೆ ಕೊಟ್ಟ ಮಾತೋ ಅವಳಿಲ್ಲ, ಮಾತು ಮಾತ್ರ ಹಾಗೇ ನಿಂತಿದೆ. ಬಿಲ್ಡರ್ ಅಡಿಗೆಮನೆಯನ್ನು ಬೋಳಾಗಿ ಬಿಟ್ಟಿದ್ದ, ಗೋಡೆಯಿಂದ ಎರಡು ನೀರಿನ ಕೊಳವೆ ಹೊರಗೆ ಇಣುಕುತ್ತಿದ್ದವು. ಅಲ್ಲಿ ಕಟ್ಟೆ ಎಷ್ಟು ಎತ್ತರಕ್ಕೆ ಏಳಬೇಕು? ಮಗಳು ವಿದ್ಯಾ ಇರುವುದು ನಗರದ ಆ ತುದಿಯಲ್ಲಿ, ನಾಚಾರಂ ಹತ್ತಿರ ಗಂಡನೊಂದಿಗೆ, ಬ್ಯಾಂಕಿನ ನೌಕರಿ. ಅವಳು ಲೆಕ್ಕದಲ್ಲಿ ನನ್ನಪ್ಪನನ್ನೂ ಮೀರಿಸಿದವಳು. ಇಂಟೀರಿಯರ್ ಕಂಪನಿಯೊಂದರ ಹುಡುಗಿಯನ್ನು ಕರೆದುಕೊಂಡು ಬಂದಳು. ಆ ಹುಡುಗಿ ಕಂಪ್ಯೂಟರಿನಲ್ಲಿ ನಮ್ಮ ಅಡಿಗೆಮನೆಯ ಚಿತ್ರ ತೋರಿಸಿದಳು. ಕನ್ನಡಿಯಂಥ ಬಾಗಿಲುಗಳು, ಮೇಲೊಂದು ಬುಟ್ಟಿಯಲ್ಲಿ ಹಸಿರು ಸೇಬು. ನಮ್ಮ ಮನೆಯಲ್ಲಿ ಹಸಿರು ಸೇಬು ತಿಂದವರು ಯಾರೂ ಇಲ್ಲ. ಒಂಬತ್ತು ಲಕ್ಷ ಎಂದಳು. ನನ್ನ ಕೈಯಲ್ಲಿ ಇದ್ದದ್ದು ನಾಲ್ಕು.

“ಕಟ್ಟೆ ಎಷ್ಟು ಎತ್ತರ?” ಎಂದು ಕೇಳಿದೆ.

“ಸ್ಟ್ಯಾಂಡರ್ಡ್ ಅಂಕುಲ್. ಥರ್ಟಿಫೋರ್ ಇಂಚೆಸ್. ಅಂದರಿಕಿ ಅದೇ,” ಎಂದಳು ತೆಲುಗಿನಲ್ಲಿ. ಎಲ್ಲರಿಗೂ ಅದೇ ಎಂದಮೇಲೆ ಮುಗಿಯಿತಲ್ಲ!

ಆ ಹುಡುಗಿ ಹೋದಮೇಲೆ ವಿದ್ಯಾ ಪೆನ್ನು ಹಿಡಿದು ಪಟ್ಟಿಯಲ್ಲಿ ಒಂದೊಂದೇ ಹೊಡೆದುಹಾಕತೊಡಗಿದಳು. ಟಿವಿ ಹಿಂದಿನ ಫಲಕ ಹೋಯಿತು, ಚಪ್ಪಲಿ ಕಪಾಟು ಹೋಯಿತು, ಎರಡನೆಯ ಕೋಣೆಯ ವಾರ್ಡ್‌ರೋಬ್ ಹೋಯಿತು. ಪೆನ್ನು ಅಡಿಗೆಮನೆಗೆ ಬಂತು.

“ಅಪ್ಪಾ, ನೀ ಮಾಡ್ಕೊಳ್ಳೂದು ಅನ್ನ ಸಾರು. ಇಲ್ಲೆ ಅಗ್ಗದ ಪ್ಲೈ ಸಾಕಾಗ್ತದ.”

“ಅಡಗಿಮನೀಗೆ ಎರಡನೇ ನಂಬರ್ ಪ್ಲೈನ. ನಿಮ್ಮವ್ವ ಕುದಿಸಿ ನೋಡಿದ್ದು. ಮತ್ತ ಕಟ್ಟಿ ಅಕೀ ಅಳತಿಗೆ.”

ವಿದ್ಯಾ ಪೆನ್ನು ಕೆಳಗಿಟ್ಟಳು. “ಅವ್ವ ಇಲ್ಲಲ್ಲಪ್ಪಾ. ನೀ ಆರಡಿ ಮನಷಾ, ಬಗ್ಗಿ ಬಗ್ಗಿ ಸೊಂಟಾ ಹೋಗತೈತಿ. ನಾಳೆ ಬಾಡಗೀಗೆ ಕೊಟ್ರ ಬಂದವರು ಏನಂತಾರ? ಯಾರ ಸಲುವಾಗಿ ಇದೆಲ್ಲಾ?”

ಸರಿಯಾದ ಪ್ರಶ್ನೆ. ಅದಕ್ಕೇ ಸಿಟ್ಟು ಬಂತು. “ನನ್ನ ಮನಿ, ನನ್ನ ರೊಕ್ಕ” ಎಂದು ಕೂಗಾಡಿದೆ. ಅವಳು ಕಣ್ಣೊರೆಸಿಕೊಂಡು ಹೋದಳು. ಅಮ್ಮನ ವಿಷಯ ಬಂದಾಗಲೆಲ್ಲ ನಮ್ಮಿಬ್ಬರ ಮಾತು ಜಗಳದಲ್ಲೇ ಮುಗಿಯುತ್ತಿತ್ತು, ಅಳುವುದಕ್ಕಿಂತ ಅದು ಸುಲಭ.

ಕಂಪನಿ ಬೇಡವೆಂದು ಮರಗೆಲಸದ ಮಿಸ್ತ್ರಿಯನ್ನೇ ಹಿಡಿದೆ. ರಾಮಜೀತ್ ಎಂದು, ಗೋರಖಪುರದ ಕಡೆಯವನು, ಐವತ್ತರ ಮೇಲೆ ವಯಸ್ಸು. ಹೈದರಾಬಾದಿಗೆ ಹೊಸಬ, ಅದುವರೆಗೆ ಗುಜರಾತಿನಲ್ಲಿ ಇದ್ದನಂತೆ. ತನ್ನ ಇಬ್ಬರು ಸಂಗಡಿಗರೊಂದಿಗೆ ನಮ್ಮ ಖಾಲಿ ಫ್ಲ್ಯಾಟಿನಲ್ಲೇ ಇದ್ದು, ಅಲ್ಲೇ ಬೇಯಿಸಿಕೊಂಡು, ಕೆಲಸ ಮಾಡುತ್ತಿದ್ದ. ಪ್ಲೈ ತರಲು ನಾನು ಆ ಎರಡನೆಯ ನಂಬರಿನ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಾಚಾರಂ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಸಿಯೂ ನೋಡಿ, ಅಂಥದ್ದೇ ಹಾಳೆಗಳನ್ನು ಹಾಕಿಕೊಟ್ಟ. ಅಲ್ಲಿಗೆ ಒಂದು ಮಾತು ಉಳಿಸಿಕೊಂಡೆ ಎಂದು ಸಮಾಧಾನವಾಗಿತ್ತು.

ನಾನು ಬೇಗಂಪೇಟೆ ಸ್ಟೇಷನ್ನಿನ ಹಿಂದಿನ ಬಾಡಿಗೆ ಮನೆಯಿಂದ ದಿನವೂ ಲೋಕಲ್ ರೈಲಿನಲ್ಲಿ ಲಿಂಗಂಪಲ್ಲಿಗೆ ಹೋಗಿ, ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮೇಲ್ವಿಚಾರಣೆ ಮಾಡುತ್ತಿದ್ದೆ. ಮೇಲ್ವಿಚಾರಣೆ ಎಂದರೆ ಚಹಾ ಕುಡಿಯುವುದು. ನೆಗಡಿಯಾಗಿ ಎರಡು ದಿನ ತಪ್ಪಿಸಿ ಮತ್ತೆ ಹೋದ ದಿನ ಅಡಿಗೆಮನೆಯ ಸರದಿ ಬಂತು. ಹೆಂಡತಿಯ ಅಳತೆಗೆ ಕಟ್ಟೆ ಆಗಬೇಕು ಎಂದು ಮೊದಲೇ ಹೇಳಿಟ್ಟಿದ್ದೆ. ರಾಮಜೀತ್ ಟೇಪು ಬಿಚ್ಚಿ ಹಿಡಿದು ಹೇಳಿದ: “ಬಾಬೂಜೀ, ಮಾತಾಜೀ ಕೋ ಏಕ್ ಬಾರ್ ಲೇ ಆಯಿಯೇ. ಖಡಾ ಕರಕೇ ನಾಪ್ ಲೇಂಗೇ.” ಅಮ್ಮನವರನ್ನು ಒಮ್ಮೆ ಕರೆತನ್ನಿ, ನಿಲ್ಲಿಸಿ ಅಳತೆ ತೆಗೆದುಕೊಳ್ಳೋಣ ಎಂದು.

ಹೇಳಿಯೇ ಇರಲಿಲ್ಲ ನೋಡಿ ಅವನಿಗೆ. ಹೇಳುವ ಪ್ರಸಂಗವೂ ಬಂದಿರಲಿಲ್ಲ. ಬಾಯಿಂದ ನಮ್ಮ ಊರಿನ ಮಾತು ಹೊರಟಿತು: “ವೋ ಪರ್ಸೋಂಚ್ ಗುಜರ್ ಗಯೇ, ಮಿಸ್ತ್ರೀ.” ಅವಳು ಪರ್ಸೋಂ ತೀರಿಹೋದಳು ಎಂದು.

ಇಲ್ಲಿ ಸ್ವಲ್ಪ ನಿಂತು ನಮ್ಮ ‘ಪರ್ಸೋಂ’ ಬಗ್ಗೆ ಹೇಳಬೇಕು. ಬೇರೆ ಊರಿನ ಹಿಂದಿಯವರಿಗೆ ಅದು ನಿನ್ನೆಯ ಹಿಂದಿನ ದಿನ, ಇಲ್ಲ ನಾಳೆಯ ಮರುದಿನ, ಅಷ್ಟೇ. ಹೈದರಾಬಾದಿನವರ ಪರ್ಸೋಂಗೆ ಅಂಥ ಕಟ್ಟುನಿಟ್ಟಿಲ್ಲ. ಕಳೆದ ವಾರವೂ ಪರ್ಸೋಂ, ಕಳೆದ ರಂಜಾನೂ ಪರ್ಸೋಂ. “ಪರ್ಸೋಂ ಮದುವೆಯಾಯಿತು” ಎನ್ನುವವನ ಮಗ ಕಾಲೇಜಿಗೆ ಹೋಗುತ್ತಿರುತ್ತಾನೆ. ಮನೆಯಲ್ಲಿ ಆಡುವ ನಮ್ಮ ಕನ್ನಡದ ‘ಮೊನ್ನೆ’ ಕೂಡ ಹಾಗೇ ಅಲ್ಲವೇ? ಮೊನ್ನೆ ಮೊನ್ನೆ ಹುಟ್ಟಿದ ಕೂಸು ಎಂದರೆ ಎದುರಿಗೆ ಮೀಸೆ ಬಂದವನು ನಿಂತಿರುತ್ತಾನೆ. ಎರಡೂ ಭಾಷೆಯ ಸಡಿಲು ನನ್ನ ನಾಲಿಗೆಯಲ್ಲಿ ಸೇರಿಕೊಂಡಿದೆ. ಸಾಲದ್ದಕ್ಕೆ ‘ಪರ್ಸೋಂಚ್’ ಎಂದು ಒತ್ತಿಬೇರೆ ಹೇಳಿದೆ. ಗೋರಖಪುರದ ಕಿವಿಗೆ ಅದು ಹೇಗೆ ಕೇಳಿಸಿತೆಂದರೆ, ಈ ಮನುಷ್ಯನ ಹೆಂಡತಿ ಸತ್ತು ಇವತ್ತಿಗೆ ಮೂರನೆಯ ದಿನ.

ರಾಮಜೀತ್‌ನ ಕೈಯಿಂದ ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು. ಒಳಗಿನ ಕೋಣೆಯಲ್ಲಿ ಗರಗಸ ಆಡಿಸುತ್ತಿದ್ದವರಿಗೆ ಕೂಗಿ ಹೇಳಿದ, ಗರಗಸ ನಿಂತಿತು. ಹತಾರಗಳನ್ನೆಲ್ಲ ಒಟ್ಟುಮಾಡಿ ಒಂದು ಚಾದರ ಮುಚ್ಚಿದ. ಆಮೇಲೆ ಬಂದು ನನ್ನ ಕುರ್ಚಿಯ ಪಕ್ಕದಲ್ಲಿ, ಕಟ್ಟಿಗೆ ಪುಡಿಯ ಮೇಲೆ ಕೂತ. “ಐಸೇ ಮೇಂ ಆಪ್ ಯಹಾಂ ಕ್ಯೋಂ ಆಯೇ ಬಾಬೂಜೀ? ಘರ್ ಮೇಂ ಕೋಈ ನಹೀಂ ಹೈ?” ಇಂಥ ಹೊತ್ತಿನಲ್ಲಿ ಇಲ್ಲಿಗೇಕೆ ಬಂದಿರಿ, ಮನೆಯಲ್ಲಿ ಯಾರೂ ಇಲ್ಲವೇ?

“ಕೋಯೀ ನೈ,” ಎಂದೆ. ಅದಂತೂ ನಿಜವೇ ಆಗಿತ್ತು.

ಊಟ ಮಾಡಿದಿರಾ ಎಂದು ಕೇಳಿದ. ಇಷ್ಟು ತಡವಾಗಿಯಾದರೂ ವಿಚಾರಿಸಿದನಲ್ಲ, ಒಳ್ಳೆಯ ಮನುಷ್ಯ, ಎಂದುಕೊಂಡೆ. ಹದಿಮೂರನೆಯ ದಿನ ಯಾವತ್ತು ಬರುತ್ತದೆ, ಅಲ್ಲಿಯವರೆಗೆ ಈ ಮನೆಯಲ್ಲಿ ಮೊಳೆ ಹೊಡೆಯುವುದಿಲ್ಲ, ದುಃಖದ ಮನೆಯಲ್ಲಿ ಸುತ್ತಿಗೆಯ ಸದ್ದು ಆಗಬಾರದು ಎಂದು ಅವನು ಹೇಳಿದಾಗಲೇ ನನಗೆ ತಲೆಯಲ್ಲಿ ಬೆಳಕಾದದ್ದು.

ಆಗಲೇ ಹೇಳಿಬಿಡಬೇಕಿತ್ತು. ಅಯ್ಯೋ ಮಿಸ್ತ್ರಿ, ಎರಡು ವರ್ಷವಾಯಿತು, ನಮ್ಮೂರಿನ ಪರ್ಸೋಂ ಹೀಗೆ ಎಂದು ನಕ್ಕುಬಿಡಬೇಕಿತ್ತು. ಹೇಳಲಿಲ್ಲ. ನಿಮ್ಮ ಮುಂದೆ ಮುಚ್ಚಿಡುವುದೇನು, ಹೇಳಲು ಮನಸ್ಸಾಗಲಿಲ್ಲ. ಸುಲೋಚನಾ ಹೋದ ಎರಡು ತಿಂಗಳಿಗೇ ಜನ ನನ್ನನ್ನು ಊಟವಾಯಿತೇ ಎಂದು ಕೇಳುವುದನ್ನು ಬಿಟ್ಟಿದ್ದರು. ಈಗ ಗುರುತು ಪರಿಚಯವಿಲ್ಲದ ಒಬ್ಬ ಮನುಷ್ಯ ನನಗಾಗಿ ಗರಗಸ ನಿಲ್ಲಿಸಿದ್ದ. ನನಗೆ ಅದು ಬೇಕಾಗಿತ್ತು. ಭಿಕ್ಷೆ ಬೇಡುವವನ ಹಾಗೆ ಬೇಕಾಗಿತ್ತು.

ಮರುದಿನವೂ ಹೋದೆ. ಅದರ ಮರುದಿನವೂ. ಸಂಗಡಿಗರಿಬ್ಬರೂ ಪಕ್ಕದ ಬ್ಲಾಕಿನಲ್ಲಿ ಏನೋ ಚಿಲ್ಲರೆ ಕೆಲಸ ಹಿಡಿದಿದ್ದರು, ರಾಮಜೀತ್ ಮಾತ್ರ ನಾನು ಬರುವ ಹೊತ್ತಿಗೆ ಕಾದಿರುತ್ತಿದ್ದ. ಮಧ್ಯಾಹ್ನ ಅನ್ನ ಮತ್ತು ಒಗ್ಗರಣೆ ಇಲ್ಲದ ಬೇಳೆ ಬಡಿಸುತ್ತಿದ್ದ, ಅವರ ಕಡೆ ಇಂಥ ದಿನಗಳಲ್ಲಿ ಹಾಗೇ ಉಣ್ಣುತ್ತಾರಂತೆ. ಅವಳು ಹೇಗಿದ್ದಳು ಎಂದು ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ಪ್ಲೈ ಕುದಿಸಿದ್ದು ಹೇಳಿದೆ. ಬಿದ್ದುಬಿದ್ದು ನಗಬೇಕೆಂದು ಬಾಯಿ ತೆರೆದವನು, ಇದು ನಗುವ ಸಮಯವಲ್ಲ ಎಂದು ಬಾಯಿ ಮುಚ್ಚಿಕೊಂಡ. ಮಣೆಯ ಮೇಲಿಂದ ಜಾರಿ ಬಿದ್ದದ್ದು ಹೇಳುತ್ತಿದ್ದಾಗ, ಮೊಣಕೈಯ ಸುಟ್ಟ ಗುರುತಿನ ಮಾತಿಗೆ ಬಂದಾಗ, ಎರಡು ವರ್ಷದ ಅಳು ಆ ಬೋಳು ಅಡಿಗೆಮನೆಯಲ್ಲಿ ಹೊರಗೆ ಬಂತು. ಮುದುಕ ಗಂಡಸು ಅಷ್ಟು ದೊಡ್ಡ ದನಿಯಲ್ಲಿ ಅಳುವುದು ಕೇಳಲು ಚೆನ್ನಾಗಿರುವುದಿಲ್ಲ. ಖಾಲಿ ಫ್ಲ್ಯಾಟು ಬೇರೆ, ದನಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ರಾಮಜೀತ್ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದ.

ಹೀಗೆ ಒಂದು ವಾರ. ಎಂಟನೆಯ ದಿನ ವಿದ್ಯಾ ರಜೆ ಹಾಕಿ ಕೆಲಸ ಎಲ್ಲಿಗೆ ಬಂತು ನೋಡಲು ಬಂದಳು. ಬಾಗಿಲು ತೆಗೆದರೆ ಒಂದು ಮೊಳೆಯೂ ಹೆಚ್ಚು ಬಿದ್ದಿಲ್ಲ. ಅವಳ ಅಪ್ಪ ನೆಲದ ಮೇಲೆ ಕೂತು ಮಿಸ್ತ್ರಿಯೊಂದಿಗೆ ಸಪ್ಪೆ ಬೇಳೆ ಉಣ್ಣುತ್ತಿದ್ದಾನೆ. ಅವಳು ಬಾಯಿ ತೆರೆಯುವ ಮೊದಲೇ ರಾಮಜೀತ್ ಎದ್ದು ಕೈ ಮುಗಿದ. “ಬಿಟಿಯಾ, ಮಾಂ ಕಾ ಜಾನಾ ಬಹುತ್ ಬಡಾ ದುಖ್ ಹೈ. ಪರಸೋಂ ತೇರಹವೀಂ ಹೋ ಜಾಯೇ, ಫಿರ್ ಕಾಮ್ ಶುರೂ ಕರೇಂಗೇ.” ನಾಡಿದ್ದು ಹದಿಮೂರನೆಯ ದಿನ ಮುಗಿಯಲಿ, ಕೆಲಸ ಶುರು ಮಾಡುತ್ತೇವೆ.

ವಿದ್ಯಾ ನನ್ನ ಕಡೆ ತಿರುಗಿದಳು. “ಅಪ್ಪಾ, ಏನಂತಾನ ಇಂವಾ? ಅವ್ವ ಹೋಗಿ ಎರಡ ವರ್ಷ ಆತಲ್ಲ!”

ಭೂಮಿ ಬಾಯಿಬಿಡಲಿಲ್ಲ. ಐದನೆಯ ಅಂತಸ್ತಿನಲ್ಲಿ ಬಿಟ್ಟರೂ ನಾಲ್ಕನೆಯದಕ್ಕೆ ಹೋಗಿ ಬೀಳುತ್ತಿದ್ದೆ. ‘ದೋ ಸಾಲ್’ ಎಂದು ರಾಮಜೀತ್‌ಗೆ ನಾನೇ ಹೇಳಿದೆ. ನಮ್ಮಲ್ಲಿ ಪರ್ಸೋಂ ಎಂದರೆ ಹಾಗಲ್ಲ ಎಂದು ತೊದಲಿದೆ. ನಿನ್ನ ಒಂದು ವಾರದ ಕೂಲಿ ಹಾಳು ಮಾಡಿದೆ, ಅದನ್ನು ನಾನು ಕೊಡುತ್ತೇನೆ ಎಂದೆ. ಅವನು ಬೈದಿದ್ದರೆ ಚೆನ್ನಾಗಿತ್ತು. ಕೂಲಿ ಬೇಡವೆಂದು ತಲೆ ಅಲ್ಲಾಡಿಸಿ, ಚಾದರ ಸರಿಸಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. “ತೋ ನಾಪ್ ಬತಾಯಿಯೇ,” ಎಂದ. ಹಾಗಾದರೆ ಅಳತೆ ಹೇಳಿ.

ಅಳತೆ! ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳ ಎತ್ತರ ಎಷ್ಟೆಂದು ನನಗೆ ಗೊತ್ತಿಲ್ಲ. ಅವಳ ಆಧಾರ್ ನಂಬರು ಬಾಯಿಪಾಠವಾಗಿದೆ, ಎತ್ತರ ಗೊತ್ತಿಲ್ಲ.

“ಥರ್ಟಿಫೋರ್ ಇರ್ಲಿ ಬಿಡಪ್ಪಾ,” ಎಂದಳು ವಿದ್ಯಾ. ಆದರೆ ಈ ಸಲ ದನಿಯಲ್ಲಿ ಜಗಳ ಇರಲಿಲ್ಲ.

“ತಡೀ,” ಎಂದೆ. ಗೋಡೆಗೆ ಒರಗಿ ನೆಟ್ಟಗೆ ನಿಂತೆ. ಕಣ್ಣು ಮುಚ್ಚಿಕೊಂಡೆ. ಬಸ್‌ಸ್ಟಾಪಿನಲ್ಲಿ, ಮದುವೆ ಮನೆಗಳಲ್ಲಿ, ಫೋಟೋ ತೆಗೆಸುವಾಗ ಅವಳು ಪಕ್ಕದಲ್ಲಿ ನಿಂತಾಗ ಅವಳ ನೆತ್ತಿ ಎಲ್ಲಿಗೆ ಬರುತ್ತಿತ್ತು ಎಂದು ನೆನೆದು, ಕೈಯನ್ನು ಎದೆಗೆ ಅಡ್ಡ ಇಟ್ಟೆ. ಶರ್ಟಿನ ಜೇಬಿನ ಅಂಚಿನಿಂದ ನಾಲ್ಕು ಬೆರಳು ಮೇಲೆ. “ಇಲ್ಲಿಗೆ ಬರ್ತಿದ್ಲು.”

ವಿದ್ಯಾ ಆ ಕೈಯನ್ನೇ ನೋಡಿದಳು. “ಹೌದಪ್ಪಾ. ಅಷ್ಟ ಇದ್ಲು,” ಎಂದು ನನ್ನ ತೋಳಿಗೆ ಹಣೆ ಹಚ್ಚಿ ಅಳತೊಡಗಿದಳು. ನಾವಿಬ್ಬರೂ ಜಗಳವಿಲ್ಲದೆ ಅವಳಿಗಾಗಿ ಅತ್ತದ್ದು ಅದೇ ಮೊದಲು. ರಾಮಜೀತ್ ನೆಲಕ್ಕೆ ಕೂತು ನನ್ನ ಕಾಲ ಬುಡದಿಂದ ಕೈವರೆಗೆ ಟೇಪು ಎಳೆದ. ನಾಲ್ಕಡಿ ಎಂಟಿಂಚು. ಅವನ ಲೆಕ್ಕ ಸರಳ: ಎತ್ತರದ ಅರ್ಧ, ಮೇಲೆ ಎರಡಿಂಚು. ಗೋಡೆಯ ಮೇಲೆ ಮೂವತ್ತು ಇಂಚಿಗೆ ಪೆನ್ಸಿಲಿನ ಗೆರೆ ಎಳೆದ.

ಮೂವತ್ತಕ್ಕೇ ಕಟ್ಟೆ ಎದ್ದಿತು. ಎರಡನೆಯ ನಂಬರಿನ ಪ್ಲೈ, ಮೇಲೆ ಕರಿ ಕಲ್ಲು. ಕಲ್ಲು ಕೂರಿಸಲು ಬಂದವನು “ಮಕ್ಕಳ ಅಡಿಗೆಮನೆಯೇ?” ಎಂದು ಕೇಳಿದ. ಅವನ ಕೈಗೆ ಚಹಾದ ಲೋಟ ಕೊಟ್ಟೆ. ನಾನು ಎದುರಿಗೆ ನಿಂತರೆ ಕಟ್ಟೆ ನನ್ನ ತೊಡೆಗೆ ಬರುತ್ತದೆ, ಒಂದು ಈರುಳ್ಳಿ ಹೆಚ್ಚುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಆದರೂ ಮನಸ್ಸಿಗೆ ಹಿತವಾಗಿತ್ತು. ತಡವಾಯಿತು, ಆದರೆ ಕೊಟ್ಟ ಮಾತು ನಡೆಸಿದೆ ಎಂದುಕೊಂಡೆ.

ಗೃಹಪ್ರವೇಶಕ್ಕೆ ನಾಲ್ಕು ದಿನ ಮುಂಚೆ ಬೇಗಂಪೇಟೆ ಮನೆಯಲ್ಲಿ ಕಾಗದಪತ್ರ ಕಟ್ಟುತ್ತಿದ್ದೆ. ಆಸ್ಪತ್ರೆಯ ಕಡತ ಕೈಗೆ ಬಂತು. ಎಸೆಯಲೂ ಆಗದೆ ಓದಲೂ ಆಗದೆ ಇಟ್ಟುಕೊಂಡಿದ್ದ ಕಡತ. ಕಾಗದ ಕಂಡರೆ ಒಳಗೆ ಹೊಕ್ಕುವ ಚಟ ಎಲ್ಲಿ ಬಿಡುತ್ತದೆ? ಮೂರನೆಯ ಹಾಳೆ, ಅರಿವಳಿಕೆ ಕೊಡುವ ಮುಂಚೆ ತುಂಬುವ ನಮೂನೆ. ಹೆಸರು, ವಯಸ್ಸು, ತೂಕ. ಎತ್ತರ: ನೂರಾ ನಲವತ್ತೆಂಟು ಸೆಂಟಿಮೀಟರ್.

ಕ್ಯಾಲ್ಕ್ಯುಲೇಟರ್ ತಂದು ಮೂರು ಸಲ ಲೆಕ್ಕ ಮಾಡಿದೆ. ನಾಲ್ಕಡಿ ಹತ್ತಿಂಚು, ಮೇಲೆ ಒಂದಿಷ್ಟು.

ಎರಡಿಂಚು. ಅವಳನ್ನು ನಾನು ಎರಡಿಂಚು ಸಣ್ಣವಳನ್ನಾಗಿ ಮಾಡಿಬಿಟ್ಟಿದ್ದೆ. ಜೇಬಿನ ಅಂಚಿನಿಂದ ನಾಲ್ಕು ಬೆರಳಲ್ಲ, ಇನ್ನೂ ಮೇಲೆ, ಹೆಗಲ ಹತ್ತಿರ ಬರುತ್ತಿದ್ದವಳು. ಗಿಡ್ಡಿ ಗಿಡ್ಡಿ ಎಂದು ಚೇಷ್ಟೆ ಮಾಡಿ ಮಾಡಿ ಅವಳನ್ನು ಹಾಗೇ ನೆನಪಿಟ್ಟುಕೊಂಡೆನೋ, ಇಲ್ಲ ಇಲ್ಲದವರು ದಿನದಿನಕ್ಕೆ ಹೀಗೆ ಸವೆಯುತ್ತಲೇ ಹೋಗುತ್ತಾರೋ ಗೊತ್ತಿಲ್ಲ. ಪರ್ಸೋಂ ಹೋದಳು ಎಂದು ಬಾಯಿ ಹೇಳಿತ್ತು. ಕೈಗೆ ಮಾತ್ರ ಎರಡು ವರ್ಷ ಆಗಿಹೋಗಿತ್ತು. ಕಲ್ಲು ಕೂತಾಗಿದೆ, ಪ್ಲೈ ಕೊಯ್ದಾಗಿದೆ, ರಾಮಜೀತ್ ಬೇರೆ ಕಟ್ಟಡಕ್ಕೆ ಹೋಗಿದ್ದಾನೆ. ಅವಳೀಗ ಬಂದು ನಿಂತರೂ ಆ ಕಟ್ಟೆಗೆ ಒಂದಿಂಚಾದರೂ ಬಗ್ಗಬೇಕು. ಇಷ್ಟು ವರ್ಷ ಎಟುಕದ ಕಟ್ಟೆ ಕೊಟ್ಟೆ, ಕೊನೆಗೆ ತಗ್ಗಿನ ಕಟ್ಟೆ ಕೊಟ್ಟೆ. ಅವಳ ಅಳತೆಯದು ಮಾತ್ರ ನನ್ನಿಂದ ಆಗಲೇ ಇಲ್ಲ.

ಕಡತದ ವಿಷಯ ಯಾರಿಗೂ ಹೇಳಲಿಲ್ಲ. ಗೃಹಪ್ರವೇಶದ ದಿನ ವಿದ್ಯಾ ಹಾಲು ಉಕ್ಕಿಸಿದಳು. ಬಂದವರೆಲ್ಲ ಹೊರಗಿನ ಕೋಣೆಗೆ ಹೋದಮೇಲೆ ಒದ್ದೆ ಬಟ್ಟೆಯಿಂದ ಕಲ್ಲನ್ನು ನಿಧಾನವಾಗಿ ಒರೆಸಿ, ಅದರ ಅಂಚಿನ ಮೇಲೆ ಕೈ ಆಡಿಸುತ್ತ ನಿಂತಳು.

“ಅಪ್ಪಾ, ನೀ ಹಟಾ ಮಾಡಿದ್ದು ಚೊಲೋ ಆತು,” ಎಂದಳು. “ಅವ್ವಗ ಇದು ಬರೋಬ್ಬರಿ ಆಗತಿತ್ತು. ಹೌದಿಲ್ಲೋ?”

“ಹೌದವಾ,” ಎಂದೆ. “ಬರೋಬ್ಬರಿ ಆಗತಿತ್ತು.”